ಸದ್ದು ಮುಚ್ಚಿಸಿದ ಕಂಪ್ಯೂಟರುಗಳು

ಇದರ ಫಲವನ್ನು ಉಂಡವಳು ಕುಬಟೂರಿನ ರೇಣುಕಾ. ಕಚೇರಿಯ ಕಂಪ್ಯೂಟರುಗಳ ಸದ್ದು ಮುಚ್ಚಿಸಿ ಎಂದ ಅಧಿಕಾರಿ ಉಣ್ಣಲಿಲ್ಲ. ಅದನ್ನು ಎರಡು ಮಾತಿಲ್ಲದೆ ಮಾಡಿಸಿದ ನನ್ನ ಮ್ಯಾನೇಜರ್ ಉಣ್ಣಲಿಲ್ಲ. ಕಿವಿಗೊಟ್ಟು ನೋಡದೆ ‘ಸರಿಯಾಗಿದೆ’ ಎಂದು ಸಹಿ ಹಾಕಿದ ತಂತ್ರಜ್ಞನೂ ಉಣ್ಣಲಿಲ್ಲ. ಹುಟ್ಟಿನಿಂದ ಕಣ್ಣು ಕಾಣದ, ಕಂಪ್ಯೂಟರನ್ನು ಕಿವಿಯಿಂದಲೇ ಬಳಸಲು ಕಲಿತಿದ್ದ ಒಬ್ಬ ತರುಣಿ, ಕೈಗೆಟುಕುವಷ್ಟು ಹತ್ತಿರ ಬಂದಿದ್ದ ನೌಕರಿಯನ್ನು ಕಳೆದುಕೊಂಡಳು. ಉಳಿದವರೆಲ್ಲ ಮರುದಿನ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದರು. ನಾನೂ ಹೋದೆ.

ನಾನು ಶಿಕಾರಿಪುರದ ಒಂದು ಖಾಸಗಿ ಕಂಪ್ಯೂಟರ್ ಸಂಸ್ಥೆಯಲ್ಲಿ ರಿಪೇರಿ ಕೆಲಸ ಮಾಡಿ ನಿವೃತ್ತಳಾದವಳು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಊರೂರಿಗೆ ಬಸ್ಸಿನಲ್ಲಿ ಹೋಗಿ, ಮನೆಗಳ ಕಂಪ್ಯೂಟರು ದುರಸ್ತಿ ಮಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ಈಗ ಇದೇ ವೃತ್ತಿಗೆ ಬರುತ್ತಿರುವ ಹುಡುಗ ಹುಡುಗಿಯರು ‘ಏನಾದರೂ ಹೇಳಿ ಮೇಡಂ’ ಎನ್ನುತ್ತಾರೆ. ಹೇಳುತ್ತೇನೆ. ಆದರೆ ನನಗೆ ಸಿಕ್ಕ ಶಾಲು, ಫಲಕಗಳ ವಿಚಾರವನ್ನಲ್ಲ.

ಮೊದಲು ಕೆಲಸವೇನೆಂಬುದನ್ನು ಸ್ಪಷ್ಟಪಡಿಸಬೇಕು. ಕಂಪ್ಯೂಟರಿನೊಳಗೆ ಸದ್ದು ಹೊರಡಿಸುವುದಕ್ಕೆಂದೇ ಒಂದು ಚಿಪ್ಪು ಇರುತ್ತದೆ. ಆ ಚಿಪ್ಪಿನಿಂದ ಕೆಲಸ ತೆಗೆಯಲು ವಿಂಡೋಸಿಗೆ ಬೇಕಾದ ಚಿಕ್ಕ ತಂತ್ರಾಂಶವೇ ಆಡಿಯೋ ಡ್ರೈವರ್. ಚಿಪ್ಪಿಗೆ ತಕ್ಕ ಡ್ರೈವರ್ ಹಾಕದಿದ್ದರೆ ಎಷ್ಟೇ ದೊಡ್ಡ ಸ್ಪೀಕರ್ ಜೋಡಿಸಿದರೂ ಕಂಪ್ಯೂಟರು ಸುಮ್ಮನೆ ಕೂರುತ್ತದೆ. ಈ ದೂರುಗಳನ್ನು ನಮ್ಮ ಸಂಸ್ಥೆ ಪಟ್ಟಿಯ ಕೊನೆಗೆ ತಳ್ಳುತ್ತಿತ್ತು. ಪರದೆ ಕಪ್ಪಾದರೆ ಅದು ತುರ್ತು. ಸದ್ದು ನಿಂತರೆ ಅದು ಶೋಕಿ. ಸದ್ದು ಎಂದರೆ ಹಾಡು, ಸದ್ದು ಎಂದರೆ ಸಿನಿಮಾ ಎಂಬ ಭಾವನೆ ಮ್ಯಾನೇಜರ್ ಬಸವರಾಜಪ್ಪನವರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಲ್ಲಿಯೂ ಬೇರೂರಿತ್ತು. ಈ ಕಥನದ ಎಲ್ಲ ಅನ್ಯಾಯಗಳಿಗೂ ಮೂಲ ಆ ಭಾವನೆಯೇ ಎಂದು ನಾನು ನಂಬಿದ್ದೇನೆ.

ಹೆಣ್ಣುಮಗಳೊಬ್ಬಳು ರಿಪೇರಿಗೆ ಬರುತ್ತಾಳೆಂಬುದನ್ನು ನಂಬದವರು ಕೊನೆಯ ವರ್ಷದವರೆಗೂ ಇದ್ದರು. ಬಾಗಿಲು ತೆರೆದವರು ನನ್ನ ಬೆನ್ನ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದರು.

“ಮೆಕ್ಯಾನಿಕ್ ಬರ್ಲಿಲ್ಲೇನ್ರಿ?”

“ಬಂದಿದ್ದಾರೆ. ನಾನೇ.”

“ಓಹೋ. ಕುಂದರ್ರಿ, ಚಾ ತರ್ತೀನಿ. ಅಷ್ಟ್ರಾಗೆ ಯಜಮಾನ್ರು ಬರ್ತಾರ.”

ಯಜಮಾನರು ಬಂದು ಕಂಪ್ಯೂಟರಿಗೆ ಮಾಡುವುದೇನೂ ಇರುತ್ತಿರಲಿಲ್ಲ. ಆದರೂ ಅವರು ಬರುವವರೆಗೆ ಎಷ್ಟೋ ಮನೆಗಳಲ್ಲಿ ನನಗೆ ಯಂತ್ರವನ್ನು ಮುಟ್ಟಲು ಬಿಡುತ್ತಿರಲಿಲ್ಲ.

ಆರಂಭದ ದಿನಗಳಲ್ಲಿ ಡ್ರೈವರ್ ಬರುತ್ತಿದ್ದುದು ಸಿ.ಡಿ.ಯಲ್ಲಿ. ಶಿಕಾರಿಪುರದ ಹತ್ತಿರದ ಒಂದು ಹಳ್ಳಿಯಲ್ಲಿ, ಮೆಕ್ಕೆಜೋಳ ಬೆಳೆಯುವ ಒಬ್ಬ ರೈತರ ಮನೆಗೆ ಹೋಗಿದ್ದೆ. ವೈರಸ್ ತಗುಲಿ ವಿಂಡೋಸ್ ಹೊಸದಾಗಿ ಹಾಕಿಸಿದ್ದರು, ಅಂದಿನಿಂದ ಸದ್ದಿಲ್ಲ. ಕಂಪ್ಯೂಟರಿನೊಡನೆ ಕೊಟ್ಟಿದ್ದ ಸಿ.ಡಿ. ಎಲ್ಲಿ ಎಂದು ಕೇಳಿದೆ.

“ಅದು ಹೊಲದಾಗ ಐತ್ರಿ.”

“ಹೊಲದಲ್ಲಿ ಯಾಕಿದೆ?”

“ಗಿಳಿ ಹೆದರ್ಸಾಕೆ ಕಟ್ಟೇವ್ರಿ. ಬಿಸ್ಲಿಗೆ ಪಳಪಳ ಅಂತೈತಿ ನೋಡ್ರಿ, ಒಂದು ಗಿಳಿನೂ ಹತ್ರ ಸುಳಿಯಂಗಿಲ್ಲ.”

ಒಳಗಿನಿಂದ ಅವರ ಹೆಂಡತಿ ಕೂಗಿ ಹೇಳಿದರು: “ಗಿಳಿ ಹೆದರ್ಯಾವೋ ಬಿಟ್ಟಾವೋ, ಮನ್ಯಾಗಿನ ಹಾಡಂತೂ ಹೆದರಿ ಓಡಿ ಹೋತು!”

ಹೊಲಕ್ಕೆ ನಡೆದು ಹೋಗಿ, ಗೂಟಕ್ಕೆ ಕಟ್ಟಿದ್ದ ಸಿ.ಡಿ.ಯನ್ನು ಬಿಚ್ಚಿ ನೋಡಿದೆ. ಬಿಸಿಲಿಗೂ ಗಾಳಿಗೂ ಅದರ ಮೈ ಗೀಚಿ ಹೋಗಿತ್ತು. ಕಂಪ್ಯೂಟರು ಅದನ್ನು ಓದಲಿಲ್ಲ. ಚಿಪ್ಪಿನ ಹೆಸರನ್ನು ಬರೆದುಕೊಂಡು ಶಿರಾಳಕೊಪ್ಪಕ್ಕೆ ಹೋಗಿ, ಅಲ್ಲಿನ ಸೈಬರ್ ಅಂಗಡಿಯಲ್ಲಿ ಕುಳಿತು ಡ್ರೈವರ್ ಇಳಿಸಿಕೊಂಡು ಮರಳಿ ಬಂದೆ. ಅದು ಹೊಂದಲಿಲ್ಲ; ಹೆಸರು ಒಂದೇ ಆಗಿದ್ದರೂ ಚಿಪ್ಪು ಬೇರೆ ಪೀಳಿಗೆಯದು. ಮತ್ತೆ ಹೋಗಬೇಕಾಯಿತು. ಚಿಪ್ಪಿನ ಹೆಸರಲ್ಲ, ಅದರ ಪೂರ್ತಿ ಗುರುತುಸಂಖ್ಯೆಯನ್ನು ಓದಿಕೊಂಡೇ ಗಿರಾಕಿಯ ಮನೆಯಿಂದ ಹೊರಡಬೇಕೆಂಬ ಪಾಠ ನನಗೆ ಸಿಕ್ಕಿದ್ದು ಅಂದು. ಆದರೆ ಆ ರೈತ ಕುಟುಂಬವನ್ನು ನಗೆಪಾಟಲಿಗೀಡು ಮಾಡಿ ಸಂಸ್ಥೆಯಲ್ಲಿ ಎಲ್ಲರೂ ನಕ್ಕಾಗ ನನಗೆ ನಗು ಬರಲಿಲ್ಲ. ಆ ಹೊಳೆಯುವ ಬಿಲ್ಲೆ ಏತಕ್ಕೆಂದು ಮಾರುವಾಗ ಅವರಿಗೆ ಒಬ್ಬರೂ ಹೇಳಿರಲಿಲ್ಲ. ಹೇಳುವುದು ಮಾರಾಟದ ಭಾಗವೆಂದು ಯಾರೂ ಭಾವಿಸಿರಲಿಲ್ಲ.

ಬಳಿಕ ವಿಧಾನ ಬದಲಾಯಿತು. ಸಾವಿರಾರು ಡ್ರೈವರುಗಳನ್ನು ಒಟ್ಟಿಗೆ ತುಂಬಿದ ‘ಡ್ರೈವರ್ ಪ್ಯಾಕ್’ ಬಂತು. ಯಾವ ಚಿಪ್ಪು ಎಂದು ನೋಡುವ ಗೊಡವೆಯಿಲ್ಲ. ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದರೆ ಅದೇ ಹುಡುಕಿ ಹಾಕುತ್ತದೆ, ಕೊನೆಗೆ ಪರದೆಯ ಮೇಲೆ ಹಸಿರು ಟಿಕ್ ಮೂಡುತ್ತದೆ. ಬಸವರಾಜಪ್ಪನವರು ಬಹಳ ಸಂತೋಷಪಟ್ಟರು. “ಇನ್ನು ಮ್ಯಾಲೆ ತಲೆ ಬೇಕಾಗಿಲ್ಲ ಬಿಡ್ರಿ, ಕೈ ಇದ್ರೆ ಸಾಕು” ಎಂದರು. ನಾನು ಆ ಮಾತನ್ನು ಆಗಲೇ ವಿರೋಧಿಸಿದೆ. ಕಡತಗಳನ್ನು ನಕಲು ಮಾಡಿ ಮುಗಿಸಿದೆ ಎಂಬುದಷ್ಟೇ ಆ ಟಿಕ್ಕಿನ ಅರ್ಥ. ಸ್ಪೀಕರಿನಿಂದ ಸದ್ದು ಬಂತೆಂದು ಅದು ಹೇಳುವುದಿಲ್ಲ. ಚಿಪ್ಪೇ ಸಿಗದಿದ್ದರೂ ‘ಅನುಸ್ಥಾಪನೆ ಯಶಸ್ವಿ’ ಎಂದು ಬರೆದ ಪ್ಯಾಕುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಒಂದು ಅಂಶವನ್ನು ನೆನಪಿನಲ್ಲಿಡಿ. ಮುಂದೆ ರೇಣುಕಾಳ ವಿಷಯದಲ್ಲಿ ಇದು ಮತ್ತೆ ಬರುತ್ತದೆ.

ಪ್ಯಾಕಿನಿಂದಲೂ ಆಗದಿದ್ದರೆ ಫಾರ್ಮ್ಯಾಟ್ ಮಾಡಿ ಎಂಬುದು ಸಂಸ್ಥೆಯ ನಿಯಮ. ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಆರಂಭಿಸುವುದು. ಶಿರಾಳಕೊಪ್ಪದ ಒಬ್ಬ ಕಿರಾಣಿ ವ್ಯಾಪಾರಿಯ ಮನೆಯಲ್ಲಿ ಅವರ ಪತ್ನಿ, ತೀರಿಹೋದ ಅತ್ತೆಯವರು ಹಾಡಿದ ಸೋಬಾನೆ ಪದಗಳನ್ನು ಕಂಪ್ಯೂಟರಿಗೆ ತುಂಬಿಸಿಟ್ಟಿದ್ದರು. ನಾದಿನಿಯ ಮಗಳ ಮದುವೆ ಹತ್ತಿರ ಬಂದಿತ್ತು; ಆ ಪದಗಳನ್ನು ಕೇಳಿ ಕಲಿಯಬೇಕೆಂದು ತೆರೆದಾಗ ಸದ್ದಿಲ್ಲ. ನಮ್ಮ ಸಂಸ್ಥೆಯ ತಂತ್ರಜ್ಞನೊಬ್ಬ ಹೋಗಿ, ಪ್ಯಾಕು ಹಾಕಿ, ಆಗದಿದ್ದಾಗ ನಿಯಮದಂತೆ ಫಾರ್ಮ್ಯಾಟ್ ಮಾಡಿ ಬಂದ. ಅಳಿಸುವ ಮುನ್ನ ಮನೆಯವರನ್ನು ಕೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಸದ್ದು ಬಂತು, ಕೇಳಿಸಲು ಪದಗಳು ಉಳಿದಿರಲಿಲ್ಲ. ಆ ಮಹಿಳೆ ಅಂಗಡಿಗೆ ಬಂದು ನಿಂತಾಗ ಬಸವರಾಜಪ್ಪನವರು ಹೇಳಿದ್ದು ಇಷ್ಟು: “ಸೋಬಾನೆ ಪದ ಬೇಕಾದ್ರೆ ಮೊಬೈಲ್ನಾಗ ಬೇಕಾದಷ್ಟು ಸಿಗ್ತಾವ್ ಬಿಡಮ್ಮ.”

“ಪದ ಸಿಗ್ತಾವಣ್ಣ. ನಮ್ಮತ್ತಿ ದನಿ ಎಲ್ಲಿ ಸಿಗತೈತಿ?” ಎಂದು ಅವರು ಕೇಳಿದರು. ಉತ್ತರಕ್ಕೆ ಕಾಯದೆ ಹೊರಟುಹೋದರು.

ತರುಣ ತಂತ್ರಜ್ಞರಿಗೆ ಇಲ್ಲಿ ಒಂದು ಮಾತು. ಸದ್ದಿನ ದೂರು ಬಂದಾಗ ಮೊದಲು ಸ್ಪೀಕರಿನ ತಂತಿ ಹಸಿರು ತೂತಿನಲ್ಲಿದೆಯೇ ನೋಡಿ. ಹೊಸ ಮಾನಿಟರ್ ಜೋಡಿಸಿದ್ದರೆ ಸದ್ದು ಅದರ ಕಡೆಗೆ ತಿರುಗಿಕೊಂಡಿದೆಯೇ ನೋಡಿ. ಸ್ಪೀಕರೇ ಇಲ್ಲದ ಮಾನಿಟರಿಗೆ ಸದ್ದು ಕಳಿಸಿ ಎಷ್ಟೋ ಕಂಪ್ಯೂಟರುಗಳು ಸುಮ್ಮನೆ ಕೂತಿರುತ್ತವೆ. ಹಳೆಯ ಡ್ರೈವರನ್ನು ಪೂರ್ತಿ ತೆಗೆದ ಮೇಲೆಯೇ ಹೊಸದನ್ನು ಹಾಕಿ. ಯಂತ್ರ ತಯಾರಿಸಿದವರ ಜಾಲತಾಣವನ್ನು ಬಿಟ್ಟು ಬೇರೆಲ್ಲಿಂದಲೂ ಇಳಿಸಿಕೊಳ್ಳಬೇಡಿ. ಫಾರ್ಮ್ಯಾಟ್ ಎಂಬ ಪದವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಯಾರ ಮನೆಗೂ ಹೋಗಬೇಡಿ.

ಇನ್ನು, ಮುಖ್ಯ ವಿಷಯ. ನಮ್ಮ ಸಂಸ್ಥೆ ಎರಡೂ ತಾಲ್ಲೂಕುಗಳ ಕೆಲವು ಕಚೇರಿ, ಸಂಘಗಳ ಕಂಪ್ಯೂಟರುಗಳನ್ನು ಗುತ್ತಿಗೆಯ ಮೇಲೆ ನೋಡಿಕೊಳ್ಳುತ್ತಿತ್ತು. ಒಂದು ಕಚೇರಿಯ ಅಧಿಕಾರಿಗೆ ಗುಮಾಸ್ತರು ಹಾಡು ಕೇಳುತ್ತಾರೆಂಬ ಸಿಟ್ಟು. ಡ್ರೈವರ್ ತೆಗೆಸಿದರೆ ಅವರೇ ಮತ್ತೆ ಹಾಕಿಕೊಂಡರು. ಆಗ ಆ ಅಧಿಕಾರಿ ಬಸವರಾಜಪ್ಪನವರಿಗೆ, ಯಾರೂ ಮರಳಿ ಹಾಕಲಾಗದಂತೆ ಸದ್ದನ್ನೇ ಮುಚ್ಚಿಸಿ ಎಂದರು. ಕಂಪ್ಯೂಟರು ವಿಂಡೋಸ್ ಆರಂಭಿಸುವುದಕ್ಕೂ ಮೊದಲು ಕೆಲಸ ಮಾಡುವ ಒಂದು ತಳದ ವ್ಯವಸ್ಥೆ ಇರುತ್ತದೆ. ಅದನ್ನು ಬಯೋಸ್ ಎನ್ನುತ್ತಾರೆ. ಅಲ್ಲಿ ಸದ್ದಿನ ಚಿಪ್ಪನ್ನು ಆಫ್ ಮಾಡಿಬಿಟ್ಟರೆ ವಿಂಡೋಸಿನ ಪಾಲಿಗೆ ಆ ಚಿಪ್ಪು ಇಲ್ಲವೇ ಇಲ್ಲ. ಯಾವ ಡ್ರೈವರ್ ಹಾಕಿದರೂ ವ್ಯರ್ಥ. ಹಾಗೆ ಆಫ್ ಮಾಡಿ, ಬಯೋಸಿಗೆ ಪಾಸ್‌ವರ್ಡ್ ಹಾಕಿ, ಪೆಟ್ಟಿಗೆಗೆ ಸಂಸ್ಥೆಯ ಸೀಲು ಅಂಟಿಸಲಾಯಿತು. ಒಂದು ಕಚೇರಿಗೆ ಮಾಡಿದ್ದನ್ನು ಗುತ್ತಿಗೆಯ ಎಲ್ಲ ಕಡೆಗೂ ಮಾಡಿಸಿದರು. ದೂರುಗಳು ಕಡಿಮೆಯಾದವೆಂದು ಅದನ್ನು ಸಂಸ್ಥೆಯ ಹೆಗ್ಗಳಿಕೆಯಾಗಿ ಹೇಳಿಕೊಂಡರು.

“ಸದ್ದು ಬೇಕಾದವರು ಬಂದರೆ ಏನು ಮಾಡುವುದು ಸರ್?” ಎಂದು ನಾನು ಕೇಳಿದ್ದೆ.

“ಯಾರಿಗ್ ಬೇಕಾಗತೈತ್ರಿ? ಕೆಲಸ ಮಾಡಾಕ ಕಣ್ಣು, ಕೈ ಸಾಕು.”

ಆ ಮಾತನ್ನು ಹೇಳುವಾಗ ಅವರ ಕಲ್ಪನೆಯಲ್ಲಿ ರೇಣುಕಾಳಂಥ ಒಬ್ಬಳಿಗೆ ಜಾಗವೇ ಇರಲಿಲ್ಲ. ಪಾಸ್‌ವರ್ಡ್ ಹಾಕಿದ ತಂತ್ರಜ್ಞ ಮುಂದೆ ಕೆಲಸ ಬಿಟ್ಟು ಹೋದ. ಅದೇನೆಂದು ಅವನನ್ನು ಯಾರೂ ಕೇಳಿಟ್ಟುಕೊಳ್ಳಲಿಲ್ಲ.

ಕಚೇರಿಗಳು ಹೊಸ ಕಂಪ್ಯೂಟರು ಕೊಂಡಾಗ ಹಳೆಯವನ್ನು ಸಂಸ್ಥೆ ಹಿಂದಕ್ಕೆ ಪಡೆದು, ಒರೆಸಿ, ವಿಂಡೋಸ್ ಹಾಕಿ ಮನೆಗಳಿಗೆ ಮಾರುತ್ತಿತ್ತು. ಮಾರುವ ಮುನ್ನ ಪರೀಕ್ಷಿಸುವ ನಮ್ಮ ಬೆಂಚಿನ ಮೇಲೆ ಮಾನಿಟರ್ ಇತ್ತು, ಕೀಲಿಮಣೆ ಇತ್ತು, ಮೌಸ್ ಇತ್ತು. ಸ್ಪೀಕರ್ ಇರಲಿಲ್ಲ. ಗಲಾಟೆಯಾಗುತ್ತದೆಂದು ಬಸವರಾಜಪ್ಪನವರು ತೆಗೆಸಿದ್ದರು. ಹೀಗೆ ಸದ್ದು ಮುಚ್ಚಿದ ಕಂಪ್ಯೂಟರೊಂದು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ, ಯಾರ ಕಿವಿಗೂ ಬೀಳದೆ, ಕುಬಟೂರಿನ ಹನುಮಂತಪ್ಪನವರ ಮನೆ ಸೇರಿತು.

ಹನುಮಂತಪ್ಪನವರ ಮಗಳೇ ರೇಣುಕಾ. ಪದವಿ ಮುಗಿಸಿ, ಶಿವಮೊಗ್ಗದ ಒಂದು ತರಬೇತಿ ಕೇಂದ್ರದಲ್ಲಿ, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಂಪ್ಯೂಟರು ಕಲಿತಿದ್ದಳು. ಸೊರಬದ ಒಂದು ಸಹಕಾರ ಸಂಘದಲ್ಲಿ ಸಹಾಯಕಿಯ ಹುದ್ದೆಗೆ ಮಾತಿನ ಸಂದರ್ಶನ ಮುಗಿದು ಆಯ್ಕೆಯಾಗಿದ್ದಳು. ಉಳಿದಿದ್ದುದು ಕಂಪ್ಯೂಟರಿನಲ್ಲಿ ಒಂದು ಪತ್ರವನ್ನು ಟೈಪು ಮಾಡಿ ತಿದ್ದುವ ಪರೀಕ್ಷೆ ಮಾತ್ರ. ಅದಕ್ಕೆ ಅಭ್ಯಾಸ ಮಾಡಲೆಂದೇ ತಂದೆ ಆ ಕಂಪ್ಯೂಟರು ಕೊಂಡರು. ಅದು ಮಾತಾಡಲಿಲ್ಲ.

ನಾನು ಹೋಗುವ ಹೊತ್ತಿಗೆ ನಮ್ಮ ಸಂಸ್ಥೆಯವರು ಹಲವು ಬಾರಿ ಹೋಗಿ ಬಂದಿದ್ದರು.

“ಬಂದವ್ರೆಲ್ಲ ಟಿ.ವಿ. ನೋಡಿದ ಹಾಗೆ ನೋಡ್ತಾರೆ, ಎದ್ದು ಹೋಗ್ತಾರೆ ಮೇಡಂ” ಎಂದರು ಹನುಮಂತಪ್ಪನವರು. “ಹಸಿರು ಗುರುತು ಬಂತು, ಇನ್ನು ಸರಿ ಅಂತಾರೆ. ಹಸಿರು ಇವಳಿಗೆ ಹ್ಯಾಗೆ ಕಾಣ್ಬೇಕು ಹೇಳಿ?”

ರೇಣುಕಾ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ ಕುಳಿತಿದ್ದಳು. “ಒಬ್ರು ಸ್ಪೀಕರ್ ಸರಿಯಿಲ್ಲ ಅಂದ್ರು ಅಕ್ಕಾ. ಇನ್ನೊಬ್ರು, ನಿನ್ನ ಮಾತಾಡೋ ಸಾಫ್ಟ್‌ವೇರಿಂದ್ಲೇ ತೊಂದ್ರೆ, ತೆಗೆದ್ ಬಿಡ್ತೀನಿ ಅಂದ್ರು. ತೆಗೀಬೇಡಿ ಅಂತ ಅವ್ರ ಕೈ ಹಿಡ್ಕೊಂಡ್ಬಿಟ್ಟೆ. ಅದಕ್ಕವ್ರು, ಕಣ್ಣು ಕಾಣದವ್ರಿಗೆ ಕಂಪ್ಯೂಟರ್ ಯಾಕಮ್ಮ ಅಂದ್ರು.”

“ನೀನೇನಂದೆ?”

“ಹೇಳಿದ್ದು ಕೇಳಿಸ್ಕೊಳ್ಳದವ್ರಿಗೆ ರಿಪೇರಿ ಕೆಲಸ ಯಾಕಣ್ಣ ಅಂದೆ.”

ಯಂತ್ರದಲ್ಲಿರುವ ಭಾಗಗಳ ಪಟ್ಟಿಯನ್ನು ತೆರೆದು ನೋಡಿದೆ. ಸದ್ದಿನ ಚಿಪ್ಪಿನ ಸುಳಿವೇ ಇಲ್ಲ. ಡ್ರೈವರ್ ಸರಿಯಿಲ್ಲದಿದ್ದರೆ ಅಲ್ಲಿ ಹಳದಿ ಗುರುತಾದರೂ ಕಾಣಬೇಕು. ಏನೂ ಕಾಣದಿದ್ದರೆ ಚಿಪ್ಪನ್ನು ಯಾರೋ ಆಫ್ ಮಾಡಿದ್ದಾರೆ ಎಂದರ್ಥ. ಬಯೋಸಿಗೆ ಹೋದೆ, ಪಾಸ್‌ವರ್ಡ್ ಕೇಳಿತು. ಈ ಕಂಪ್ಯೂಟರು ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು. ಪೆಟ್ಟಿಗೆ ಬಿಚ್ಚಿ, ಒಳಗಿನ ಬಿಲ್ಲೆಯಂಥ ಬ್ಯಾಟರಿಯನ್ನು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ. ಪಾಸ್‌ವರ್ಡ್ ಅಳಿಯಿತು. ಚಿಪ್ಪನ್ನು ಚಾಲೂ ಮಾಡಿ ಸರಿಯಾದ ಡ್ರೈವರ್ ಹಾಕಿದೆ. ಕಂಪ್ಯೂಟರು ತನ್ನ ಒಡೆದ ದನಿಯಲ್ಲಿ ಮೊದಲು ಓದಿದ್ದು ಪರದೆಯ ಮೂಲೆಯಲ್ಲಿದ್ದ ‘ರೀಸೈಕಲ್ ಬಿನ್’ ಎಂಬ ಹೆಸರನ್ನು.

“ಇದೇನು ಮಾರಾಯ್ರೆ, ಶೀತ ಆದವ್ರ ಹಾಗೆ ಮಾತಾಡ್ತದೆ!” ಎಂದರು ಹನುಮಂತಪ್ಪನವರು.

“ಅಪ್ಪಾ, ಸುಮ್ನಿರು. ಅದು ಮಾತಾಡ್ಲಿ” ಎಂದಳು ರೇಣುಕಾ. ಬೆರಳುಗಳು ಆಗಲೇ ಓಡುತ್ತಿದ್ದವು. ಒಂದು ಪತ್ರವನ್ನು ಟೈಪು ಮಾಡಿ, ಕೇಳಿ, ಎರಡು ಕಡೆ ತಿದ್ದಿದಳು. ಅವಳಿಗೆ ಕಲಿಯಲು ಹೆಚ್ಚೇನೂ ಉಳಿದಿರಲಿಲ್ಲ.

ನಾನು ಚೀಲ ಕಟ್ಟುವಾಗ ಅವಳು ಕೇಳಿದಳು: “ಅಕ್ಕಾ, ಸಂಘದ ಕಂಪ್ಯೂಟರೂ ನಿಮ್ಮವ್ರದ್ದೇ ಅಲ್ವಾ? ಅದೂ ಹೀಗೇ ಇದ್ರೆ?”

ಹಾಗೆಯೇ ಇತ್ತು. ಮರುದಿನವೇ ಬಸವರಾಜಪ್ಪನವರಿಗೆ ವಿವರವಾಗಿ ಹೇಳಿದೆ.

“ಒಬ್ಬಾಕಿ ಸಲುವಾಗಿ ಇದ್ದಬದ್ದ ಕಂಪ್ಯೂಟರ್ ಎಲ್ಲಾ ಬಿಚ್ಬೇಕೇನ್ರಿ?”

“ಎಲ್ಲವೂ ಬೇಡ ಸರ್. ಅವಳು ಕೂರುವ ಒಂದು ಸಾಕು. ನಾನೇ ಹೋಗಿ ಮಾಡಿ ಬರುತ್ತೇನೆ.”

“ನಿಮಗ ಇಲ್ಲಿ ಮನಿ ಕಂಪ್ಲೇಂಟ್ ಅದಾವ. ಬ್ಯಾರೆಯವ್ರನ್ನ ಕಳಿಸ್ತೀನಿ ಬಿಡ್ರಿ.”

ಬ್ಯಾಟರಿ ತೆಗೆಯಬೇಕು, ಹೆಡ್‌ಫೋನ್ ಹಾಕಿ ಕೇಳಬೇಕು ಎಂದು ಎರಡೆರಡು ಬಾರಿ ಹೇಳಿದೆ. ಸಂಘದ ಕಾರ್ಯದರ್ಶಿಗೂ ಫೋನು ಮಾಡಿದೆ. ರೇಣುಕಾ ತನ್ನದೇ ಕಂಪ್ಯೂಟರು ತರಲು ಒಪ್ಪಿಗೆ ಕೇಳಿದಳು. ಹೊರಗಿನ ಯಂತ್ರಕ್ಕೆ ಅವಕಾಶವಿಲ್ಲವೆಂದರು. ಪರೀಕ್ಷೆಯ ಹಿಂದಿನ ದಿನ ನಮ್ಮ ತಂತ್ರಜ್ಞ ಹೋದ. ಪೆಟ್ಟಿಗೆಯ ಸೀಲು ಒಡೆಯಲು ಅವನಿಗೆ ಅನುಮತಿಯನ್ನೇ ಕೊಟ್ಟಿರಲಿಲ್ಲ. ಪ್ಯಾಕು ಹಾಕಿದ, ಹಸಿರು ಟಿಕ್ ಬಂತು, ‘ಆಡಿಯೋ ಡ್ರೈವರ್ ಸರಿಯಾಗಿದೆ’ ಎಂದು ಸಹಿ ಹಾಕಿ ಬಂದ. ಸಂಘದಲ್ಲಿ ಸ್ಪೀಕರ್ ಇರಲಿಲ್ಲ. ಹೆಡ್‌ಫೋನನ್ನು ಅವನಿಗೆ ಯಾರೂ ಕೊಟ್ಟು ಕಳಿಸಿರಲಿಲ್ಲ.

ಪರೀಕ್ಷೆಯ ದಿನ ನಾನು ಶಿಕಾರಿಪುರದ ಒಂದು ಮನೆಯಲ್ಲಿದ್ದೆ. ಅಲ್ಲಿಯೂ ಸದ್ದಿನ ದೂರೇ. ಸರಿಪಡಿಸಿದ ಮೇಲೆ ಆ ಮನೆಯವರು ಖುಷಿಯಿಂದ ಹಾಡು ಹಚ್ಚಿದ್ದರು. ಫೋನು ಬಂತು.

“ಅಕ್ಕಾ, ಇದು ಮಾತಾಡ್ತಾ ಇಲ್ಲ.”

ಕಾರ್ಯದರ್ಶಿಗೆ ಫೋನು ಕೊಡು ಎಂದೆ. ಹಾಡು ನಿಲ್ಲಿಸಿ ಎಂದು ಮನೆಯವರಿಗೆ ಕೈಸನ್ನೆ ಮಾಡಿದೆ.

“ನಿಮ್ಮವ್ರೇ ನಿನ್ನೆ ಬಂದು ಸರಿಯಾಗಿದೆ ಅಂತ ಬರ್ದು ಕೊಟ್ಟಿದಾರಲ್ಲ ಮೇಡಂ” ಎಂದರು ಅವರು.

“ಪೆಟ್ಟಿಗೆ ಬಿಚ್ಚಿ ಒಂದು ಬ್ಯಾಟರಿ ತೆಗೆಯಬೇಕು ಸರ್. ಹೇಗೆಂದು ಫೋನಿನಲ್ಲೇ ಹೇಳುತ್ತೇನೆ.”

“ಸೀಲ್ ಇದೆ. ನಾನ್ ಮುಟ್ಟಲ್ಲ. ನಿಮ್ ಮ್ಯಾನೇಜರಿಗೆ ಫೋನ್ ಮಾಡ್ದೆ, ಅವ್ರೂ ಮುಟ್ಬೇಡಿ ಅಂದ್ರು.”

“ಹಾಗಾದರೆ ಪರದೆಯ ಮೇಲಿರುವುದನ್ನು ಯಾರಾದರೂ ಓದಿ ಹೇಳಲಿ. ಅಥವಾ ಪರೀಕ್ಷೆಯನ್ನು ಮುಂದೂಡಿ.”

“ಓದಿ ಹೇಳಿದ್ರೆ ಸಹಾಯ ಮಾಡ್ದ ಹಾಗಾಗ್ತದೆ. ಮುಂದೂಡೋದು ನನ್ನ ಕೈಲಿಲ್ಲ.”

ಅವಳು ಆ ಕಂಪ್ಯೂಟರಿನ ಮುಂದೆ ಸಮಯ ಮುಗಿಯುವವರೆಗೂ ಕುಳಿತಿದ್ದಳು. ಪತ್ರವನ್ನು ಟೈಪು ಮಾಡಿದಳು. ತಾನು ಯಾವ ಪುಟದಲ್ಲಿದ್ದೇನೆ, ಯಾವ ಕಿಟಕಿ ತೆರೆದಿದೆ ಎಂಬುದು ತಿಳಿಯದೆ ಟೈಪು ಮಾಡಿದಳು. ಅಕ್ಷರಗಳು ಎಲ್ಲಿಯೂ ಉಳಿದಿರಲಿಲ್ಲ. ಅವಳ ಹೆಸರಿನ ಮುಂದೆ ‘ಕಂಪ್ಯೂಟರ್ ಜ್ಞಾನವಿಲ್ಲ’ ಎಂಬ ಷರಾ ಬಿತ್ತು. ಹುದ್ದೆ ಮತ್ತೊಬ್ಬರಿಗೆ ಹೋಯಿತು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ಎರಡು ದಿನ ಬಿಟ್ಟು ರಜೆ ಹಾಕಿ ಸೊರಬಕ್ಕೆ ಹೋದೆ. ಕಾರ್ಯದರ್ಶಿಯ ಕಣ್ಣೆದುರೇ ಸೀಲು ಒಡೆದು, ಬ್ಯಾಟರಿ ತೆಗೆದು ಹಾಕಿ, ಚಿಪ್ಪನ್ನು ಚಾಲೂ ಮಾಡಿ, ಹೆಡ್‌ಫೋನನ್ನು ಅವರ ಕಿವಿಗೇ ಇಟ್ಟೆ. ಅವರು ಸ್ವಲ್ಪ ಹೊತ್ತು ಕೇಳಿದರು.

“ಹೌದು ಮಾರಾಯ್ರೆ, ಓದ್ತಾ ಇದೆ” ಎಂದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. “ಈಗೇನ್ ಪ್ರಯೋಜನ ಮೇಡಂ, ಫೈಲು ಶಿವಮೊಗ್ಗಕ್ಕೆ ಹೋಯ್ತು.”

ಅವರು ಕೆಟ್ಟವರಲ್ಲ. ನನಗೆ ಚಹಾ ತರಿಸಿದರು. ಅನ್ಯಾಯ ನಡೆಯುವುದಕ್ಕೆ ಕೆಟ್ಟವರ ಅಗತ್ಯವಿರಲಿಲ್ಲ. ಒಬ್ಬರು ಸದ್ದನ್ನು ಮುಚ್ಚಿಸಿದರು, ಒಬ್ಬರು ಪಾಸ್‌ವರ್ಡನ್ನು ಕೇಳಿಟ್ಟುಕೊಳ್ಳಲಿಲ್ಲ, ಒಬ್ಬರು ಟಿಕ್ ನೋಡಿ ಸಹಿ ಹಾಕಿದರು, ಒಬ್ಬರು ಸೀಲಿಗೆ ಹೆದರಿದರು. ಎಲ್ಲರೂ ಸೇರಿ ತಿಳಿವಳಿಕೆಯುಳ್ಳ ಒಬ್ಬ ಹೆಣ್ಣುಮಗಳನ್ನು ಅಜ್ಞಾನಿಯೆಂದು ದಾಖಲಿಸಿದರು. ಸಂಸ್ಥೆಯಲ್ಲಿ ಬಸವರಾಜಪ್ಪನವರು, “ಡ್ರೈವರ್ ಹಾಕೇವಿ, ಅದಕ್ಕ ಸಹಿ ಐತಿ, ನಮ್ಮ ತಪ್ಪೇನೈತ್ರಿ?” ಎಂದು ಮಾತು ಮುಗಿಸಿದರು. ಅವರು ನನಗಿಂತ ಮೊದಲು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮೈಕಿನ ವ್ಯವಸ್ಥೆ ಮಾತ್ರ ಚೆನ್ನಾಗಿತ್ತು.

ರೇಣುಕಾ ಈಗಲೂ ಕುಬಟೂರಿನಲ್ಲಿಯೇ ಇದ್ದಾಳೆ. ಊರಿನವರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಾಳೆ. ಅದೇ ಸಂಘ ಮತ್ತೆ ಅರ್ಜಿ ಕರೆದಾಗ ಹಾಕಿದಳು. ಹಳೆಯ ಷರಾ ತೋರಿಸಿ ತಿರಸ್ಕರಿಸಿದರು. ಕಳೆದ ಸಲ ನಾನು ಹೋದಾಗ, “ನನಗೆ ಬರಲ್ಲ ಅಂತ ಬರ್ದಿರೋ ಕಾಗದಾನ ನಾನೇ ಓದ್ಬಹುದು ಅಕ್ಕಾ, ಅದನ್ನ ಒಂದ್ಸಲ ಈ ಕಂಪ್ಯೂಟರಿಗೆ ಹಾಕಿಸಿ” ಎಂದಳು. ನಗುತ್ತಾ ಹೇಳಿದಳು. ಹನುಮಂತಪ್ಪನವರು ಎದ್ದು ಹೊರಗೆ ಹೋದರು.

ಆದ್ದರಿಂದ ಆ ಸಹಕಾರ ಸಂಘದ ಆಡಳಿತ ಮಂಡಳಿಗೆ ನೇರವಾಗಿ ಹೇಳುತ್ತಿದ್ದೇನೆ. ನಿಮ್ಮಲ್ಲಿರುವ ಪ್ರತಿಯೊಂದು ಕಂಪ್ಯೂಟರಿನ ಸದ್ದಿನ ಬೀಗವನ್ನು ತೆಗೆಸಿ. ಪರೀಕ್ಷೆಗೆ ಮುನ್ನ ಹೆಡ್‌ಫೋನನ್ನು ಅಭ್ಯರ್ಥಿಯ ಕಿವಿಗೆ ಕೊಟ್ಟು, ಕೇಳಿಸುತ್ತಿದೆಯೆಂದು ಅವರ ಬಾಯಿಂದಲೇ ಹೇಳಿಸಿಕೊಳ್ಳಿ. ನಿಮ್ಮ ಮುಂದಿನ ಸಭೆಯಲ್ಲೇ ‘ಕಂಪ್ಯೂಟರ್ ಜ್ಞಾನವಿಲ್ಲ’ ಎಂಬ ಷರಾವನ್ನು ರೇಣುಕಾಳ ಹೆಸರಿನ ಮುಂದಿನಿಂದ ಹೊಡೆದುಹಾಕಿ, ಅದನ್ನು ಅವಳಿಗೆ ಬರವಣಿಗೆಯಲ್ಲಿ ತಿಳಿಸಿ. ಮಾತನಾಡುವ ಕಂಪ್ಯೂಟರಿನ ಮುಂದೆ ಅವಳನ್ನು ಮತ್ತೊಮ್ಮೆ ಪರೀಕ್ಷೆಗೆ ಕೂರಿಸಿ.